ಮೂರು ಚಾಕು, ಮೂರು ಕಂಪನಿ, ಭಾವನ ಒಂದು ಪ್ರಶ್ನೆ

ನಮ್ಮ ಮನೆಯಲ್ಲಿ ಮೂರು ವಿದೇಶಿ ಚಾಕುಗಳಿವೆ. ವಿಕ್ಟೋರಿನಾಕ್ಸ್‌ನ ಗರಗಸದ ಹಲ್ಲಿನ ಟೊಮೇಟೊ ಚಾಕು, ಜರ್ಮನಿಯಲ್ಲಿರುವ ಅಕ್ಕ ತಂದುಕೊಟ್ಟ ದೊಡ್ಡ ಜ್ವಿಲಿಂಗ್, ಮತ್ತೆ ನಾನೇ ಆಸೆಪಟ್ಟು ತರಿಸಿಕೊಂಡ ಒಪಿನೆಲ್ 8ನೇ ನಂಬರ್. ಮೊನ್ನೆ ಭಾವ ಬಂದವರು ಮೂರನ್ನೂ ತಿರುಗಿಸಿ ನೋಡಿ, "ಇದರಲ್ಲಿ ದೊಡ್ಡ ಕಂಪನಿ ಯಾವುದು, ಅದನ್ನೇ ತಗೋತೀನಿ" ಅಂದರು. ಅಲ್ಲಿಗೆ ನನ್ನ ಅರ್ಧ ಭಾನುವಾರ ಹೋಯಿತು.

ಚಾಕು ಎಣಿಸಿದರೆ ವಿಕ್ಟೋರಿನಾಕ್ಸ್ ದೈತ್ಯ. ಸ್ವಿಟ್ಜರ್ಲೆಂಡಿನ ಈಬಾಖ್ ಅನ್ನುವ ಸಣ್ಣ ಊರಲ್ಲಿ 1884ರಲ್ಲಿ ಶುರುವಾಗಿದ್ದು, ಈಗ ಮಡಚುವ ಚಾಕುಗಳನ್ನೇ ವರ್ಷಕ್ಕೆ ಸುಮಾರು 1 ಕೋಟಿ ಮಾಡುತ್ತದೆ. 2017ರಲ್ಲಿ ಒಟ್ಟು ಲೆಕ್ಕ 50 ಕೋಟಿ ಮುಟ್ಟಿತು. ಸ್ವಿಸ್ ಸೈನ್ಯಕ್ಕೆ ನೂರು ವರ್ಷದ ಹತ್ತಿರ ಅರ್ಧದಷ್ಟು ಚಾಕುಗಳು ಇವರವು, ಇನ್ನರ್ಧ ವೆಂಗರ್ ಅನ್ನುವ ಇನ್ನೊಂದು ಸ್ವಿಸ್ ಕಂಪನಿಯವು. 2001ರ ಸೆಪ್ಟೆಂಬರ್ 11ರ ನಂತರ ವಿಮಾನದೊಳಗೆ ಚಾಕು ಬಂದ್ ಆಯಿತು, ಏರ್‌ಪೋರ್ಟ್ ಅಂಗಡಿಗಳ ವ್ಯಾಪಾರವೂ ಹೋಯಿತು. ಇಬ್ಬರಿಗೂ ಪೆಟ್ಟು ಬಿತ್ತು, ವೆಂಗರ್ ಏಳಲೇ ಇಲ್ಲ, 2005ರಲ್ಲಿ ಅದನ್ನು ವಿಕ್ಟೋರಿನಾಕ್ಸೇ ಕೊಂಡುಕೊಂಡಿತು.

ದುಡ್ಡಿನ ಲೆಕ್ಕ ಮಾತ್ರ ಬೇರೆ ಕಥೆ. ವಿಕ್ಟೋರಿನಾಕ್ಸ್ ವಾಚು, ಸೂಟ್‌ಕೇಸ್ ಎಲ್ಲ ಮಾರುತ್ತದೆ. ಜರ್ಮನಿಯ ಸೋಲಿಂಗನ್ ಊರಿನ ಜ್ವಿಲಿಂಗ್ 1731ರಿಂದ ಇದೆ, ಆದರೆ ಸ್ಟೌಬ್, ಡೆಮೇಯರ್‌ನಂಥ ಪಾತ್ರೆ ಕಂಪನಿಗಳೂ ಈಗ ಅದರದೇ. ಹಾಗಾಗಿ ಒಟ್ಟು ಮಾರಾಟ ಇಷ್ಟು ಅಂದರೆ ಅದರಲ್ಲಿ ಬಾಣಲೆ ಎಷ್ಟು, ಚಾಕು ಎಷ್ಟು? ಫ್ರಾನ್ಸಿನ ಒಪಿನೆಲ್ (1890) ಇವರ ಮುಂದೆ ಚಿಕ್ಕದು, ಮರದ ಹಿಡಿ, ಒಂದು ಅಲಗು, ಅಲಗು ತಾನಾಗಿ ಮಡಚಿಕೊಳ್ಳದಂತೆ 1955ರಲ್ಲಿ ಸೇರಿಸಿದ ಲಾಕ್ ರಿಂಗ್, ಮುಗಿಯಿತು.

ಜ್ವಿಲಿಂಗ್ ಕೊಳ್ಳುವವರು ಒಂದು ನೋಡಿಕೊಳ್ಳಿ. ಲೋಗೋದಲ್ಲಿ ಇಬ್ಬರು ಮನುಷ್ಯರಿದ್ದರೆ ಜ್ವಿಲಿಂಗ್ (ಹೆಸರಿನ ಅರ್ಥವೇ ಅವಳಿ). ಒಬ್ಬನೇ ಇದ್ದರೆ ಹೆಂಕೆಲ್ಸ್, ಅದೇ ಕಂಪನಿಯ ಅಗ್ಗದ ಸಾಲು. ಅಲಗಿನ ಮೇಲೆ ಸೋಲಿಂಗನ್ ಅಂತ ಬರೆಯಬೇಕಾದರೆ ಆ ಊರಲ್ಲೇ ಮಾಡಿರಬೇಕು, 1938ರಿಂದ ಅಲ್ಲಿ ಕಾನೂನೇ ಇದೆ.

ಈಗ ಬಳಕೆಗೆ ಬರೋಣ. ಜ್ವಿಲಿಂಗ್ ಕುಂಬಳಕಾಯಿ, ಸುವರ್ಣಗಡ್ಡೆಗೆ ಅದ್ಭುತ, ತನ್ನ ತೂಕಕ್ಕೇ ಇಳಿಯುತ್ತದೆ. ಆದರೆ ನಮ್ಮ ಬೀದಿಯ ಸಾಣೆ ಅಂಗಡಿಯವನೊಬ್ಬ ಅದನ್ನು ಹುಲ್ಲು ಕೊಯ್ಯುವ ಕತ್ತಿ ಥರ ಚಕ್ರಕ್ಕೆ ಒತ್ತಿ ಅಂಚು ಹಾಳು ಮಾಡಿದ, ಕಲ್ಲು ತಂದು ನಾನೇ ಸರಿ ಮಾಡಬೇಕಾಯಿತು. ಒಪಿನೆಲ್‌ನ ಕಾರ್ಬನ್ ಅಲಗು ಮಾವಿನಕಾಯಿ ಹುಳಿಗೆ ಕಪ್ಪಾಗುತ್ತದೆ, ತೊಳೆದು ತಕ್ಷಣ ಒರೆಸಬೇಕು, ಒರೆಸುವ ತಾಳ್ಮೆ ಇದ್ದರೆ ಚಂದ. ದಿನಾ ಕೈಗೆ ಬರುವುದು ಮಾತ್ರ ಮುನ್ನೂರು ಚಿಲ್ಲರೆ ಕೊಟ್ಟು ತಂದ ಆ ಟೊಮೇಟೊ ಚಾಕು. ಟೊಮೇಟೊ, ಈರುಳ್ಳಿ, ಬ್ರೆಡ್ಡು, ಹಾಲಿನ ಪ್ಯಾಕೆಟ್ಟು ಎಲ್ಲಕ್ಕೂ ಅದೇ.

ಭಾವ ಅದನ್ನೇ ತರಿಸಿದರು. ಎರಡು ತಗೊಳ್ಳಿ ಅಂದೆ, ಒಂದನ್ನು ಯಾರಾದರೂ ಟ್ರಿಪ್ಪಿಗೆ ಒಯ್ದರೆ ವಾಪಸ್ ಬರುವುದಿಲ್ಲ.