ಪಿಎಚ್‌ಪಿಯಲ್ಲಿ ಕಾನ್ಸ್ಟ್ ಮತ್ತು ಡಿಫೈನ್: ಒಂದು ಅಡ್ಡಗೆರೆಯಿಂದ ಆದ ಪೇಚಾಟ

ವೆಬ್ ಪುಟಗಳಿಗೆ ಕೋಡ್ ಬರೆಯುವ ಭಾಷೆ ಪಿಎಚ್‌ಪಿಯಲ್ಲಿ ಬದಲಾಗದ ವ್ಯಾಲ್ಯೂಗೆ (ಅದೇ ಕಾನ್ಸ್ಟಂಟ್) ಹೆಸರಿಡಲು ಡಿಫೈನ್ ಇದೆ, ಕಾನ್ಸ್ಟ್ ಇದೆ. ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಈಗ ನಾನು ಕಾನ್ಸ್ಟ್ ಕಡೆ.

2020ರಲ್ಲಿ ಪರಿಚಯದ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಬಿಲ್ ಮಾಡುವ ಪುಟ ಬರೆದುಕೊಟ್ಟೆ. ಸರ್ವರ್‌ನಲ್ಲಿ ಇದ್ದದ್ದು ಪಿಎಚ್‌ಪಿ 7.4. ತೆರಿಗೆ ದರ 18 ಅಂತ ಡಿಫೈನ್‌ನಲ್ಲಿ ಬರೆಯುವಾಗ ಅಂಡರ್‌ಸ್ಕೋರ್ ಬದಲು ಅಡ್ಡಗೆರೆ ಒತ್ತಿದ್ದೆ: ‘ಜಿಎಸ್‌ಟಿ-ರೇಟ್’. ಡಿಫೈನ್‌ಗೆ ಹೆಸರನ್ನು ಕೋಟ್ಸ್ ಒಳಗೆ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿ ಕೊಡುತ್ತೇವೆ, ಅಲ್ವಾ? ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿತು.

ಅದೇ ಹೆಸರನ್ನು ಲೆಕ್ಕದ ಸಾಲಿಗೆ ಕಾಪಿ ಮಾಡಿದೆ. ಅಲ್ಲಿ ಕೋಟ್ಸ್ ಇಲ್ಲ. ಅಡ್ಡಗೆರೆಯನ್ನು ಮೈನಸ್ ಅಂದುಕೊಂಡು, ಜಿಎಸ್‌ಟಿಯಿಂದ ರೇಟ್ ಕಳೆಯಬೇಕು ಅಂತ ಪಿಎಚ್‌ಪಿ ಓದಿಕೊಂಡಿತು. ಆ ಎರಡೂ ಹೆಸರು ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಹೆಸರನ್ನು 7.4 ಸುಮ್ನೆ ಸ್ಟ್ರಿಂಗ್ ಅಂದುಕೊಂಡು, ಲೆಕ್ಕದಲ್ಲಿ ಸೊನ್ನೆ ಹಿಡಿಯುತ್ತದೆ. ವಾರ್ನಿಂಗ್ ಕೊಡುತ್ತದೆ ನಿಜ. ಆದರೆ ಗಿರಾಕಿಗಳ ಕಣ್ಣಿಗೆ ಬೀಳಬಾರದು ಅಂತ ಅದನ್ನು ಪರದೆಯಲ್ಲಿ ತೋರಿಸದ ಹಾಗೆ ಮಾಡಿದ್ದೆ. ಎರಡು ದಿನ ಪ್ರತಿ ಬಿಲ್ಲಿನಲ್ಲೂ ತೆರಿಗೆ ಸೊನ್ನೆ! ಅಂಗಡಿಯ ಅಣ್ಣ ಫೋನ್ ಮಾಡಿದ ಮೇಲೇ ಗೊತ್ತಾಯಿತು. ಅವರ ಜೊತೆ ಕೂತು ಒಂದೊಂದೇ ಬಿಲ್ ಸರಿ ಮಾಡಿದೆವು. ತುಂಬಾ ಬೇಜಾರಾಯಿತು.

ಕಾನ್ಸ್ಟ್ ಬಳಸಿದ್ದರೆ ಆ ಫೈಲ್ ಓಡುತ್ತಲೇ ಇರಲಿಲ್ಲ. ಹೆಸರಿನಲ್ಲಿ ಅಡ್ಡಗೆರೆ ಕಂಡ ಕೂಡಲೇ ಪಾರ್ಸ್ ಎರರ್, ಅಂದರೆ ಕೋಡ್ ಓದುವಾಗಲೇ ತಪ್ಪು ಅಂತ ನಿಲ್ಲುವುದು. ಅದೇ ವರ್ಷದ ಕೊನೆಗೆ ಬಂದ 8.0, ಗೊತ್ತಿಲ್ಲದ ಕಾನ್ಸ್ಟಂಟ್ ಕಂಡರೆ ಎರರ್ ಕೊಟ್ಟು ನಿಲ್ಲುತ್ತದೆ. ಆದರೂ ಡಿಫೈನ್ ಅಂಥ ಹೆಸರನ್ನು ಈಗಲೂ ಒಪ್ಪುತ್ತದೆ. ತಪ್ಪು ಹೊರಗೆ ಬರುವುದು ಬಿಲ್ ಹೊಡೆಯುವ ಹೊತ್ತಿಗೇ.

ವೇಗದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಅರೇ (ಹಲವು ವ್ಯಾಲ್ಯೂಗಳ ಪಟ್ಟಿ) ಎರಡರಲ್ಲೂ ಇಡಬಹುದು. ನೇಮ್‌ಸ್ಪೇಸ್ (ಹೆಸರುಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ಮಾಡುವ ಗುಂಪು) ಒಳಗೆ ಬರೆದ ಕಾನ್ಸ್ಟ್ ಅಲ್ಲೇ ಉಳಿಯುತ್ತದೆ. ಡಿಫೈನ್‌ಗೆ ಪೂರ್ತಿ ಹೆಸರು ಕೊಡದಿದ್ದರೆ ಆ ಗುಂಪಿನ ಹೊರಗೆ, ಗ್ಲೋಬಲ್ ಆಗಿಬಿಡುತ್ತದೆ.

ನಾನು ಬರೆಯುವುದು ಜಾಸ್ತಿ ರಾತ್ರಿ ಹೊತ್ತು, ಪುಕ್ಕಟೆ ಸಿಗುವ ಸಾದಾ ಎಡಿಟರಿನಲ್ಲಿ. ತಪ್ಪು ಹಿಡಿದುಕೊಡುವ ದುಡ್ಡಿನ ಎಡಿಟರ್ ಕೊಂಡಿಲ್ಲ. ಹಾಗಾಗಿ ಭಾಷೆಯೇ ತಕ್ಷಣ ತಡೆದರೆ ನನಗೆ ಎಷ್ಟೋ ನೆಮ್ಮದಿ. ಕ್ಲಾಸ್ ಅನ್ನುವ ಕೋಡ್ ಗುಂಪಿನ ಹೊರಗೂ ಕಾನ್ಸ್ಟ್ ಬರೆಯುವ ಅನುಕೂಲ 2009ರ 5.3ರಿಂದಲೇ ಇದೆ, ಅಗ್ಗದ ಹೋಸ್ಟಿಂಗ್‌ನಲ್ಲೂ ತೊಂದರೆ ಇಲ್ಲ.

ಆ ಅಂಗಡಿಯ ಸೆಟ್ಟಿಂಗ್ಸ್ ಫೈಲಿನಲ್ಲಿ ಈಗ ಒಂದೇ ಡಿಫೈನ್ ಉಳಿದಿದೆ, ಡೇಟಾಬೇಸ್ ಪಾಸ್‌ವರ್ಡ್‌ಗೆ. ಅದನ್ನು ಸರ್ವರಿನಿಂದ ಫಂಕ್ಷನ್ (ಒಂದು ಕೆಲಸ ಮಾಡಿಕೊಡುವ ಕೋಡ್) ಕರೆದು ತರಬೇಕು. ಕಾನ್ಸ್ಟ್‌ನಲ್ಲಿ ಹಾಗೆ ಫಂಕ್ಷನ್ ಕರೆಯಲು ಆಗುವುದಿಲ್ಲ, ಇಫ್ (ಹೀಗಿದ್ದರೆ ಮಾತ್ರ ಅನ್ನುವ ಷರತ್ತು) ಒಳಗೆ ಬರೆಯಲೂ ಆಗುವುದಿಲ್ಲ.