ವಿಯೆಟ್ನಾಂ ವೀಸಾ "ನಾನು ಮಾಡಿಸ್ತೀನಿ ಅಕ್ಕ" ಅನ್ನೋ ಏಜೆಂಟರಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಯಾರಾದ್ರೂ ಈ ರಜೆಗೆ ವಿಯೆಟ್ನಾಂಗೆ ಹೊರಟಿದ್ರೆ, ಅದರಲ್ಲೂ ವೀಸಾ ಕೆಲಸ ಏಜೆಂಟ್ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಕೂತಿದ್ರೆ, ದಯವಿಟ್ಟು ಇವತ್ತೇ ಅವನಿಗೆ ಫೋನ್ ಮಾಡಿ ವೀಸಾ ಪಿಡಿಎಫ್ ಕೇಳಿ. ನಾಳೆ ಅಲ್ಲ, ಇವತ್ತೇ. "ಪ್ರೋಸೆಸ್‌ನಲ್ಲಿದೆ" ಅಂದ್ರೆ ಅರ್ಜಿಯ ರಿಜಿಸ್ಟ್ರೇಷನ್ ನಂಬರ್ ಕೇಳಿ. ನಂಬರ್ ಕೊಡೋಕೆ ತಡವರಿಸಿದ್ರೆ ಅರ್ಜಿನೇ ಹಾಕಿಲ್ಲ ಅಂತ ತಿಳ್ಕೊಳ್ಳಿ. ನಮಗೆ ಆಗಿದ್ದು ಅದೇ.

ಅಂಗಡಿ ಹೆಸರು ಹಾಕ್ತಿಲ್ಲ, ದೂರು ಕೊಡೋ ಕೆಲಸ ನಡೀತಿದೆ, ಈಗಲೇ ಬೇಡ ಅಂತ ನಮ್ಮನೆಯವರು ಹೇಳಿದಾರೆ. ಶಿವಮೊಗ್ಗದವನು ಅಂತ ಮಾತ್ರ ಹೇಳ್ತೀನಿ. ಗಾಜಿನ ಬಾಗಿಲು, ಎಸಿ, ಗೋಡೆ ಮೇಲೆ ಐಫೆಲ್ ಟವರ್ರು ಬುರ್ಜ್ ಖಲೀಫಾ, ಹೋದ ತಕ್ಷಣ ಟೀ. ನಮ್ಮತ್ತೆಗೆ "ಅಮ್ಮ, ನಿಮ್ಮ ವಯಸ್ಸಿನೋರನ್ನ ಎಷ್ಟೋ ಜನಾನ ಕಳಿಸಿದೀನಿ, ವೀಲ್‌ಚೇರ್ ಕೂಡ ನಾನೇ ಹೇಳಿಡ್ತೀನಿ" ಅಂದ. ಅತ್ತೆಗೆ ಅಷ್ಟೇ ಸಾಕಾಯ್ತು. ಅವರು ವಿಮಾನ ಹತ್ತಿದೋರೇ ಅಲ್ಲ.

ಟಿಕೆಟ್ಟು, ಹೋಟೆಲ್ಲು, ಹಾ ಲಾಂಗ್ ಬೇ ದೋಣಿ, ಎಲ್ಲಾ ಅವನದ್ದೇ. ಪ್ಯಾಕೇಜ್ ವ್ಯವಹಾರ ಹೇಗಿರತ್ತೆ ನಿಮಗೂ ಗೊತ್ತು, ಮೊದಲು ಅಡ್ವಾನ್ಸು, ಆಮೇಲೆ ಬಾಕಿ, ಕೊನೆಗೆ ಇನ್ನೇನೋ ಒಂದು ಚಾರ್ಜು. ಅದು ಬಿಡಿ. ವೀಸಾಗೆ ಅಂತ ಬೇರೆಯಾಗಿ ತಲೆಗೆ 7,500 ಕೇಳಿದ, ಮೂರು ಜನಕ್ಕೆ 22,500. ಜಾಸ್ತಿ ಆಯ್ತಲ್ಲ ಅಂದಿದ್ದಕ್ಕೆ "ಎಂಬೆಸಿ ಫೀಸೇ ಆರು ಸಾವಿರ ಅಕ್ಕ, ನಮಗೆ ಉಳಿಯೋದು ಟೀ ಖರ್ಚು" ಅಂತ ನಕ್ಕ.

ಎಂಬೆಸಿ ಫೀಸು ಆರು ಸಾವಿರ! ವಿಯೆಟ್ನಾಂ ಇ-ವೀಸಾ ಫೀಸು 25 ಡಾಲರ್. ಸಿಂಗಲ್ ಎಂಟ್ರಿಗೆ 25, ಮಲ್ಟಿಪಲ್ ಎಂಟ್ರಿಗೆ 50. ಇಪ್ಪತ್ತೈದು ಡಾಲರ್ ಅಂದ್ರೆ ನಮ್ಮ ದುಡ್ಡಲ್ಲಿ ಎರಡು ಸಾವಿರದ ಚಿಲ್ಲರೆ. 2023ರ ಆಗಸ್ಟ್‌ನಿಂದ 90 ದಿನದವರೆಗಿನ ವೀಸಾ ಅಷ್ಟಕ್ಕೇ ಸಿಗತ್ತೆ. ನಮಗೆ ಬೇಕಿದ್ದದ್ದು ಸಿಂಗಲ್.

ಇನ್ನೊಂದು. ಸಂಕ್ರಾಂತಿ ಆದ ಮೇಲೆ ಹೋಗಿ ದುಡ್ಡು ಕಟ್ಟಿದಾಗ ಮೂರೂ ಒರಿಜಿನಲ್ ಪಾಸ್‌ಪೋರ್ಟ್ ಇಸ್ಕೊಂಡ. "ಫೈಲ್ ದೆಹಲಿ ಎಂಬೆಸಿಗೆ ಹೋಗಬೇಕು" ಅಂದ. ಅದಾದ ಮೇಲೆ ಯಾವಾಗ ಫೋನ್ ಮಾಡಿದ್ರೂ ದೆಹಲಿ. "ದೆಹಲಿಲಿ ಸ್ವಲ್ಪ ರಶ್ ಅಕ್ಕ." "ದೆಹಲಿಲಿ ರಜೆ ಅಕ್ಕ." "ಫೈಲ್ ಸೈನ್‌ಗೆ ಹೋಗಿದೆ ಅಕ್ಕ." ಯುಗಾದಿ ಬಂತು, ಹೋಯ್ತು, ಫೈಲು ದೆಹಲಿಲೇ. ಹೊರಡೋ ವಾರ ಪಾಸ್‌ಪೋರ್ಟ್ ಮಾತ್ರ ವಾಪಸ್ ಕೊಟ್ಟು "ಅಪ್ರೂವ್ ಆಗಿದೆ, ಕಾಪಿ ಬರತ್ತೆ" ಅಂದ.

ಇ-ವೀಸಾಗೂ ದೆಹಲಿಗೂ ಸಂಬಂಧಾನೇ ಇಲ್ಲ ಕಣ್ರೀ! ಅರ್ಜಿ ಹಾಕೋದು ಆನ್‌ಲೈನ್‌ನಲ್ಲಿ, ಕೊಡೋದು ವಿಯೆಟ್ನಾಂನ ಇಮಿಗ್ರೇಷನ್ ಇಲಾಖೆ. ಒರಿಜಿನಲ್ ಪಾಸ್‌ಪೋರ್ಟ್ ಯಾರೂ ಕೇಳಲ್ಲ, ಫೋಟೋ ಇರೋ ಪುಟದ ಸ್ಕ್ಯಾನು, ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ, ಅಷ್ಟೇ. ಅಂದ್ರೆ ಅಷ್ಟೂ ದಿನ ನಮ್ಮ ಪಾಸ್‌ಪೋರ್ಟುಗಳು ಅವನ ಮೇಜಿನ ಡ್ರಾಯರ್‌ನಲ್ಲಿ ಬಿದ್ದಿದ್ವು. ದೆಹಲಿನೂ ಇಲ್ಲ, ಸೈನೂ ಇಲ್ಲ.

ವೀಸಾ ಕಾಪಿ ಬಂದಿದ್ದು ಗುರುವಾರ ರಾತ್ರಿ, ನಾವು ಬೆಂಗಳೂರಿನ ರೈಲು ಹತ್ತಿ ಬೀರೂರು ದಾಟಿದ ಮೇಲೆ. ವಾಟ್ಸಾಪ್‌ನಲ್ಲಿ ಮೂರು ಪಿಡಿಎಫ್, ಕೆಳಗೆ "ಪ್ರಿಂಟ್ ತೆಗೆಸಿ ಇಟ್ಕೊಳ್ಳಿ ಅಕ್ಕ, ಹ್ಯಾಪಿ ಜರ್ನಿ", ಜೊತೆಗೆ ಕೈ ಮುಗಿದ ಚಿತ್ರ. "ನೀವು ನೋಡ್ಕೋಬಾರ್ದಿತ್ತಾ" ಅಂತ ಈಗ ಬುದ್ಧಿ ಹೇಳೋಕೆ ಬರೋರಿಗೆ ಒಂದೇ ಪ್ರಶ್ನೆ: ತಲೆಗೆ 7,500 ಕೊಟ್ಟಿದ್ದು ಯಾತಕ್ಕೆ? ಟೈಪ್ ಮಾಡಿದ್ದನ್ನ ಪಾಸ್‌ಪೋರ್ಟ್ ಜೊತೆ ಹೋಲಿಸಿ ನೋಡೋದು ಬಿಟ್ರೆ ಅವನಿಗೆ ಇದ್ದ ಕೆಲಸ ಇನ್ಯಾವುದು?

ಶುಕ್ರವಾರ ರಾತ್ರಿ ಟರ್ಮಿನಲ್ 2. ಚೆಕ್-ಇನ್ ಕೌಂಟರ್‌ನಲ್ಲಿದ್ದ ಹುಡುಗಿ ನನ್ನದು ನೋಡಿದ್ಲು, ನಮ್ಮನೆಯವರದ್ದು ನೋಡಿದ್ಲು, ಅತ್ತೆಯ ಕಾಗದ ಹಿಡ್ಕೊಂಡು ನಿಂತುಬಿಟ್ಲು. ಪಾಸ್‌ಪೋರ್ಟ್ ನೋಡ್ತಾಳೆ, ಕಾಗದ ನೋಡ್ತಾಳೆ, ಮತ್ತೆ ಪಾಸ್‌ಪೋರ್ಟ್. ಆಮೇಲೆ ಸೂಪರ್‌ವೈಸರ್‌ನ ಕರೆದ್ಲು. ಪಾಸ್‌ಪೋರ್ಟ್‌ನಲ್ಲಿ ಅತ್ತೆ ಹುಟ್ಟಿದ್ದು ನವೆಂಬರ್ 4. ವೀಸಾದಲ್ಲಿ ಏಪ್ರಿಲ್ 11. ದಿನ ಇರಬೇಕಾದ ಕಡೆ ತಿಂಗಳು, ತಿಂಗಳು ಇರಬೇಕಾದ ಕಡೆ ದಿನ.

"ಮೇಡಂ, ಇವರನ್ನ ಕಳಿಸೋಕೆ ಆಗಲ್ಲ."

ಸೂಪರ್‌ವೈಸರ್ ಒಳ್ಳೆ ಮನುಷ್ಯ, ಗದರಲಿಲ್ಲ. ಹೆಸರು, ಹುಟ್ಟಿದ ತಾರೀಖು, ಪಾಸ್‌ಪೋರ್ಟ್ ನಂಬರ್, ಯಾವುದು ಒಂದಕ್ಷರ ಬೇರೆ ಇದ್ರೂ ಅದು ಬೇರೆ ಯಾರದ್ದೋ ವೀಸಾ ಇದ್ದಂಗೆ, ಅಲ್ಲಿ ಇಳಿಸದೆ ವಾಪಸ್ ಕಳಿಸಿದ್ರೆ ಕರ್ಕೊಂಡು ಬರೋ ಜವಾಬ್ದಾರಿ ನಮ್ಮ ಕಂಪನಿ ಮೇಲೆ ಬೀಳತ್ತೆ ಅಂತ ವಿವರಿಸಿದ್ರು. ಒಮ್ಮೆ ಕೊಟ್ಟ ವೀಸಾ ತಿದ್ದೋಕೂ ಆಗಲ್ಲ, ಹೊಸ ಅರ್ಜಿ, ಹೊಸ ಫೀಸು. ಅರ್ಜಿಗೆ ಮೂರು ಕೆಲಸದ ದಿನ ಅಂತ ಅವರ ಲೆಕ್ಕ. ನಾವು ನಿಂತಿದ್ದದ್ದು ಶುಕ್ರವಾರ ರಾತ್ರಿ. ಶನಿವಾರ ಭಾನುವಾರ ಅಲ್ಲಿ ಆಫೀಸಿಲ್ಲ.

ಏಜೆಂಟ್‌ಗೆ ಫೋನ್. ಮೂರನೇ ಸಲಕ್ಕೆ ಎತ್ತಿದ. ಅವನ ಮಾತುಗಳನ್ನ ಹಾಗ್ಹಾಗೇ ಬರೀತೀನಿ, ಯಾಕಂದ್ರೆ ಇವರೆಲ್ಲಾ ಒಂದೇ ಪಾಠ ಕಲಿತಿರ್ತಾರೆ, ನಿಮಗೂ ಇದನ್ನೇ ಒಪ್ಪಿಸ್ತಾರೆ.

ಮೊದಲು: "ಅಷ್ಟು ಚಿಕ್ಕದೆಲ್ಲಾ ಅವರು ನೋಡಲ್ಲ ಮೇಡಂ, ಕೌಂಟರ್‌ನವರಿಗೆ ರಿಕ್ವೆಸ್ಟ್ ಮಾಡಿ." ರಿಕ್ವೆಸ್ಟ್ ಮಾಡಿ ಆಗಿದೆ ಅಂದೆ. "ಹಾಗಾದ್ರೆ ಆನ್ ಅರೈವಲ್ ತಗೋತೀವಿ ಅಂತ ಹೇಳಿ." ನಾನು ಪೆದ್ದಿ ಥರ ಅದನ್ನೇ ಸೂಪರ್‌ವೈಸರ್‌ಗೆ ಒಪ್ಪಿಸಿದೆ. ಅವರು ನನ್ನ ಮುಖ ನೋಡಿ, "ಅದಕ್ಕೂ ಮುಂಚೆನೇ ಅಪ್ರೂವಲ್ ಲೆಟರ್ ತರಿಸಿರಬೇಕು ಮೇಡಂ, ಹೋಗಿ ಇಳಿದು ಕೇಳೋಕೆ ಬರಲ್ಲ" ಅಂದ್ರು. ಹಿಂದೆ ಲೈನ್‌ನಲ್ಲಿದ್ದೋರೆಲ್ಲಾ ಕೇಳಿಸ್ಕೊಂಡ್ರು.

ಆಮೇಲೆ: "ಡೇಟ್ ಆಫ್ ಬರ್ತ್ ನೀವು ಕೊಟ್ಟಿದ್ದನ್ನೇ ಹಾಕಿರೋದು." ಪಾಸ್‌ಪೋರ್ಟೇ ನಿನ್ನ ಹತ್ರ ಇತ್ತಲ್ಲಪ್ಪ! "ನಮ್ಮ ಹುಡುಗ ಟೈಪ್ ಮಾಡಿದ್ದು, ಅವನು ಈಗ ಕೆಲಸ ಬಿಟ್ಟಿದಾನೆ." ಆಮೇಲೆ: "ಎಮರ್ಜೆನ್ಸಿ ವೀಸಾ ಮಾಡಿಸ್ತೀನಿ, 24 ಸಾವಿರ ಗೂಗಲ್ ಪೇ ಮಾಡಿ, ಆದ್ರೆ ಗ್ಯಾರಂಟಿ ಕೊಡಲ್ಲ." ಕೊನೆಗೆ ಅವನ ಬ್ರಹ್ಮಾಸ್ತ್ರ: "ಫು ಕ್ವಾಕ್ ಅಂತ ಒಂದು ದ್ವೀಪ ಇದೆ, ಅಲ್ಲಿಗೆ ವೀಸಾನೇ ಬೇಡ, ಅಮ್ಮನ ಟಿಕೆಟ್ ಅಲ್ಲಿಗೆ ಬದಲಾಯಿಸೋಣ್ವಾ?" ಫು ಕ್ವಾಕ್‌ಗೆ ನೇರ ಹೋಗಿ ಅಲ್ಲೇ ಇದ್ದು ಬರೋರಿಗೆ 30 ದಿನ ವೀಸಾ ಬೇಡ, ಅದು ನಿಜ. ಆದ್ರೆ ನಮ್ಮ ಹೋಟೆಲ್ ಇರೋದು ಹಾನೊಯ್‌ನಲ್ಲಿ. ವಿಮಾನಾನೇ ಹತ್ತದ ಹೆಂಗಸನ್ನ ಒಬ್ಬರನ್ನೇ ಒಂದು ದ್ವೀಪಕ್ಕೆ ಕಳಿಸಿ ನಾವು ಹಾನೊಯ್‌ನಲ್ಲಿ ಇರಬೇಕಂತೆ.

ಲೈನ್ ಬಿಟ್ಟು ಪಕ್ಕಕ್ಕೆ ಬಂದು ಕೂತ್ವಿ. ಆವಾಗ ಆ ಕಾಗದ ಪೂರ್ತಿ ಓದಿದೆ. ವೀಸಾ ಕೊಟ್ಟ ತಾರೀಖು ಕೆಳಗೆ ಇತ್ತು. ಬುಧವಾರ. ಅದೇ ವಾರದ ಬುಧವಾರ! ಮೂರಕ್ಕೂ ಅದೇ. ಅಂದ್ರೆ ಸಂಕ್ರಾಂತಿಗೆ ದುಡ್ಡು ಇಸ್ಕೊಂಡೋನು ಅರ್ಜಿ ಹಾಕಿದ್ದು ನಾವು ಬಟ್ಟೆ ಪ್ಯಾಕ್ ಮಾಡ್ತಿರೋವಾಗ. "ಸೈನ್‌ಗೆ ಹೋಗಿದೆ", "ಅಪ್ರೂವ್ ಆಗಿದೆ" ಅನ್ನೋದೆಲ್ಲಾ ಶುದ್ಧ ಸುಳ್ಳು. ನನಗೆ ಹುಟ್ಟಿದ ತಾರೀಖು ತಪ್ಪಾಗಿದ್ದಕ್ಕಿಂತ ಇದು ಉರೀತು. ಟೈಪಿಂಗ್ ತಪ್ಪು ಯಾರಿಗಾದ್ರೂ ಆಗತ್ತೆ, ಒಂದು ತಿಂಗಳು ಮುಂಚೆ ಆಗಿದ್ರೆ ಇನ್ನೊಂದು 25 ಡಾಲರ್ ಕಟ್ಟಿ ಸರಿ ಮಾಡಿಸಬಹುದಿತ್ತು. ಇಲ್ಲಿ ಸಮಯಾನೇ ಇಲ್ಲದಂಗೆ ಮಾಡಿ, ಅಟ್ಟ ಹತ್ತಿಸಿ ಏಣಿ ತೆಗೆದ. ಅಷ್ಟು ದಿನ ನಮ್ಮ ದುಡ್ಡು ಅವನ ಕೈಯಲ್ಲಿ ಆಡ್ತಿತ್ತು.

"ನೀವಿಬ್ರೂ ಹೋಗಿಬನ್ನಿ, ನಾನು ಮಗಳ ಮನೇಲಿರ್ತೀನಿ" ಅಂದ್ರು ಅತ್ತೆ. ಹೇಗೆ ಹೋಗೋದು? ಭಜನಾ ಮಂಡಳಿಯವರು ಅವರಿಗೆ ಅರಿಶಿನ ಕುಂಕುಮ ಕೊಟ್ಟು ಬೀಳ್ಕೊಟ್ಟಿದ್ರು. ವಾಪಸ್ ಹೋದ ಮೇಲೆ ಬಹಳ ದಿನ ಅವರು ಭಜನೆಗೇ ಹೋಗಲಿಲ್ಲ. ಬೀದಿಯಲ್ಲಿ ಎಲ್ರೂ "ಏನ್ರೀ, ಇಷ್ಟ್ ಬೇಗ ಬಂದ್ರಾ" ಅಂತ ಕೇಳೋದು. ನಾನೂ ಜ್ವರ ಬಂತು ಅಂತ ಸುಳ್ಳು ಹೇಳಿದೆ, ಇನ್ನೇನು ಹೇಳ್ಲಿ?

ಸೋಮವಾರ ಅಂಗಡಿಗೆ ಹೋದ್ವಿ. ಟೀ ಬರಲಿಲ್ಲ. ಟಿಕೆಟ್ ನಾನ್-ರಿಫಂಡಬಲ್, ಹೋಟೆಲ್ ನಾನ್-ರಿಫಂಡಬಲ್, ದೋಣಿ ನಾನ್-ರಿಫಂಡಬಲ್, ವೀಸಾ ಫೀಸು ಸರ್ಕಾರಕ್ಕೆ ಹೋಯ್ತು ಅಂದ. ಸರ್ಕಾರಕ್ಕೆ ಹೋಗಿದ್ದು 25 ಡಾಲರ್, ಮಿಕ್ಕಿದ್ದು ಎಲ್ಲಿ? "ಸರ್ವಿಸ್ ಚಾರ್ಜ್ ಮೇಡಂ." ಯಾವ ಸರ್ವಿಸು? ಅದಕ್ಕೆ ಉತ್ತರ ಇಲ್ಲ, ಫೋನ್ ಬಂತು ಅಂತ ಎದ್ದು ಹೊರಗೆ ಹೋದ. ಬಿಲ್ ಕೇಳಿದ್ರೆ ಲೆಟರ್‌ಹೆಡ್ ಇಲ್ಲದ ಚೀಟಿ. ಹೊರಡೋವಾಗ "ಮುಂದಿನ ಟ್ರಿಪ್‌ನಲ್ಲಿ ಐದು ಸಾವಿರ ಅಡ್ಜಸ್ಟ್ ಮಾಡ್ತೀನಿ" ಅಂತ ಉದಾರತೆ ಬೇರೆ. ಮೂರು ನಾಮ ಹಾಕಿ ಮೇಲೆ ಅಕ್ಷತೆನೂ ಹಾಕಿದ.

ಹತ್ತದೇ ಉಳಿದ ಟಿಕೆಟ್‌ಗೂ ಅದರಲ್ಲಿರೋ ಏರ್‌ಪೋರ್ಟ್ ಶುಲ್ಕ, ತೆರಿಗೆ ಭಾಗ ವಾಪಸ್ ಕೇಳಬಹುದು. ಇದನ್ನೂ ಅವನು ಹೇಳಲಿಲ್ಲ, ನಾದಿನಿ ಗಂಡ ಹೇಳಿದ್ದು. ನಿಮಗೂ ಹೀಗಾದ್ರೆ ಅದನ್ನ ಬಿಡಬೇಡಿ.

ಹೋಗೋರಿಗೆ ಹೇಳೋದು ಇಷ್ಟೇ. ಅರ್ಜಿ ನೀವೇ ಹಾಕಿ, ಪಿಯುಸಿ ಓದೋ ಹುಡುಗರಿಗೂ ಬರತ್ತೆ. ಆದ್ರೆ ಗೂಗಲ್‌ನಲ್ಲಿ ಮೊದಲು ಬಂದಿದ್ದನ್ನ ಒತ್ತಬೇಡಿ, ಸರ್ಕಾರದ್ದೇ ಅನ್ನಿಸೋ ಥರ ಬಾವುಟ ಲಾಂಛನ ಹಾಕ್ಕೊಂಡಿರೋ ಖಾಸಗಿಯವು ತುಂಬಾ ಇವೆ, ಅವು ಕೇಳೋದೂ ಇವನ ಥರಾನೇ. ವಿಳಾಸದ ಕೊನೆಗೆ ಡಾಟ್ ಗವ್ ಡಾಟ್ ವಿಎನ್ ಇರಬೇಕು. ಅಲ್ಲಿಂದ ಕಾಂಬೋಡಿಯಾಗೆ ಹೋಗಿ ಅಂಕೋರ್ ವಾಟ್ ನೋಡ್ಕೊಂಡು ಮತ್ತೆ ವಿಯೆಟ್ನಾಂಗೆ ಬಂದು ವಿಮಾನ ಹತ್ತೋರು 50 ಡಾಲರ್‌ದೇ ತಗೊಳ್ಳಿ, ಸಿಂಗಲ್ ಎಂಟ್ರಿ ಒಂದು ಸಲ ಹೊರಗೆ ಬಂದ್ರೆ ಮುಗೀತು.

ಹೆಸರಿನದ್ದು ಇನ್ನೊಂದು ರಗಳೆ, ನಮ್ಮ ಕಡೆಯೋರಿಗೆ ಜಾಸ್ತಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ, ಇನಿಷಿಯಲ್ ಒಂದು ಕಡೆ ಬಿಡಿಸಿ ಬರೆದಿರೋದು, ಇನ್ನೊಂದು ಕಡೆ ಇಲ್ಲದೇ ಇರೋದು. ದುಬೈಯವರಂತೂ 2022ರ ನವೆಂಬರ್‌ನಿಂದ ಒಂದೇ ಹೆಸರಿರೋ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾದಲ್ಲಿ ತಕರಾರು ತೆಗೀತಾರೆ. ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದೇ, ಜಾಗ ಬಿಟ್ಟಿದ್ದೂ ಸೇರಿ. ಇನ್ನು ಥಾಯ್ಲೆಂಡ್‌ನವರು 2025ರ ಮೇ 1ರಿಂದ ಕಡ್ಡಾಯ ಮಾಡಿರೋ ಡಿಜಿಟಲ್ ಅರೈವಲ್ ಕಾರ್ಡು ಪೂರ್ತಿ ಫ್ರೀ, ಅಲ್ಲಿ ಇಳಿಯೋಕೆ ಮುಂಚಿನ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬೋದು, ಮಲೇಷ್ಯಾದ್ದೂ ಫ್ರೀ. ಇದೇ ಮಹಾನುಭಾವ ನಮ್ಮ ಪಕ್ಕದ ಬೀದಿಯೋರ ಹತ್ರ "ಥಾಯ್ಲೆಂಡ್ ವೀಸಾ ಕಾರ್ಡ್" ಅಂತ ಅದಕ್ಕೆ ತಲೆಗೆ 1,200 ಕಿತ್ತಿದಾನೆ. ಅವರಿಗೆ ನಾನು ಹೇಳೋವರೆಗೂ ಗೊತ್ತೇ ಇರಲಿಲ್ಲ.

ದುಡ್ಡು ಹೋದೋರು 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ದೂರಿಗೆ ಫೀಸಿಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ವಾಟ್ಸಾಪ್ ಮೆಸೇಜು ಅಳಿಸಬೇಡಿ. ಅವನು "ದೆಹಲಿಲಿ ರಶ್" ಅಂತ ಕಳಿಸಿದ್ದೆಲ್ಲಾ ನಾನು ಪ್ರಿಂಟ್ ಹಾಕಿಸಿ ಇಟ್ಟಿದೀನಿ. ನೋಟಿಸ್ ಹೋದ ದಿನ ಅವನ ಹೆಂಡತಿ ನಮ್ಮತ್ತೆಗೆ ಫೋನ್ ಮಾಡಿ "ಸಣ್ಣ ವಿಷಯಕ್ಕೆ ಯಾಕಮ್ಮ ಇಷ್ಟು" ಅಂದ್ಲು. ಅತ್ತೆ ಫೋನ್ ನನ್ನ ಕೈಗೆ ಕೊಟ್ರು, ಆಮೇಲೆ ಆ ಕಡೆಯಿಂದ ಫೋನ್ ಬಂದಿಲ್ಲ.

ನಿನ್ನೆ ಅವನ ಸ್ಟೇಟಸ್‌ನಲ್ಲಿ "ದಸರಾ ಸ್ಪೆಷಲ್ ಬಾಲಿ, ವೀಸಾ ಚಿಂತೆ ನಮಗೆ ಬಿಡಿ" ಅಂತ ಬಂದಿದೆ. ಶಿವಮೊಗ್ಗ, ಭದ್ರಾವತಿ, ಸಾಗರದ ಕಡೆಯೋರು ಯಾರಾದ್ರೂ ಅದಕ್ಕೆ ಅಡ್ವಾನ್ಸ್ ಕೊಟ್ಟಿದ್ರೆ ನನಗೆ ಮೆಸೇಜ್ ಮಾಡಿ, ಹೆಸರು ಅಲ್ಲಿ ಹೇಳ್ತೀನಿ.