ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಗುದದ್ವಾರದ ಕ್ಯಾನ್ಸರ್ ತಪಾಸಣೆ

ಹದಿನಾಲ್ಕು ವರ್ಷಗಳಿಂದ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ನುಂಗುತ್ತಿರುವ ನಾನು, 46 ತುಂಬಿದ ಮೇಲೆ, ಈ ವರ್ಷದ ಆರಂಭದಲ್ಲಿ ಜಯನಗರದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಗುದದ್ವಾರದ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡೆ. ನನ್ನಂತೆ ಹೋಗುವವರು ಮೊದಲೇ ಏನನ್ನು ವಿಚಾರಿಸಿಕೊಳ್ಳಬೇಕೆಂಬುದು ತಿಳಿಯಲೆಂದು ಇದನ್ನು ಬರೆಯುತ್ತಿದ್ದೇನೆ. ಕ್ಲಿನಿಕ್ಕಿನ ಹೆಸರು ಬೇಡ.

ವೈದ್ಯೆಯನ್ನು ಮನಸಾರೆ ಮೆಚ್ಚುತ್ತೇನೆ. ರಕ್ತ ಬಂತೆಂದರೆ ಮೂಲವ್ಯಾಧಿ ಎಂದು ಮುಲಾಮು ಬರೆದುಕೊಟ್ಟು ಕಳುಹಿಸುವವರನ್ನೇ ಅಲ್ಲಿಯವರೆಗೆ ಕಂಡಿದ್ದೆ. ಇವರು ಕೂರಿಸಿಕೊಂಡು, ಈ ಕ್ಯಾನ್ಸರಿನ ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಿಗೆ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಕಾರಣವೆಂದೂ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅದು ತೊಲಗದೆ ಉಳಿದು ಜೀವಕೋಶಗಳನ್ನು ಕೆಡಿಸಬಹುದೆಂದೂ ತಿಳಿಸಿದರು. “ಗರ್ಭಕಂಠದ ಕ್ಯಾನ್ಸರಿಗೂ ಇದೇ ವೈರಸ್ ಸರ್, ನಾಚಿಕೆಪಡುವಂಥದ್ದೇನೂ ಇಲ್ಲ” ಎಂದ ಅವರ ಮಾತಿನಿಂದ ನನಗೆ ಎಷ್ಟು ಧೈರ್ಯ ಬಂತೆಂದು ಹೇಳಲಾರೆ. 2022ರಲ್ಲಿ ಪ್ರಕಟವಾದ ಅಮೆರಿಕದ ಆಂಕರ್ ಅಧ್ಯಯನದಲ್ಲಿ, ಎಚ್‌ಐವಿ ಇರುವ, 35 ದಾಟಿದ 4,400ಕ್ಕೂ ಹೆಚ್ಚು ಜನರನ್ನು ಗಮನಿಸಿದಾಗ, ಕ್ಯಾನ್ಸರಿಗೆ ಮುಂಚಿನ ತೀವ್ರ ದರ್ಜೆಯ ಬದಲಾವಣೆಗಳಿಗೆ ಚಿಕಿತ್ಸೆ ಪಡೆದವರಲ್ಲಿ ಕ್ಯಾನ್ಸರ್ ಶೇ. 57ರಷ್ಟು ಕಡಿಮೆಯಾಗಿತ್ತು ಎಂಬುದನ್ನೂ ಅವರಿಂದಲೇ ತಿಳಿದೆ.

ಪರೀಕ್ಷೆಗೆ ಐದು ನಿಮಿಷವೂ ಹಿಡಿಯಲಿಲ್ಲ. ಜೀವಕೋಶಗಳ ಮಾದರಿ ತೆಗೆಯಲು ನೀರಿನಲ್ಲಿ ಒದ್ದೆ ಮಾಡಿದ ಸ್ವಾಬ್ (ಕಡ್ಡಿ) ಮೊದಲು, ಜೆಲ್ ಹಚ್ಚಿದ ಬೆರಳಿನಿಂದ ಒಳಗೆ ತಡವಿ ನೋಡುವ ಬೆರಳಿನ ಪರೀಕ್ಷೆ ಆಮೇಲೆ; ಜೆಲ್ ಮೊದಲೇ ತಾಗಿದರೆ ಮಾದರಿ ಕೆಡುತ್ತದೆ. ನೋವಾಗಲಿಲ್ಲ.

ಕೌಂಟರಿನಲ್ಲಿ ಮಾತ್ರ, ಕುಳಿತಿದ್ದ ಹತ್ತಾರು ಜನರ ಎದುರು, ನನ್ನ ಎಚ್‌ಐವಿ ವಿಷಯವನ್ನು ಗಟ್ಟಿಯಾಗಿ ಕೇಳಲಾಯಿತು. ಈ ಗೋಪ್ಯತೆಯನ್ನು ಕಾಪಾಡಲೆಂದೇ 2017ರಲ್ಲಿ ಕಾಯ್ದೆ ಬಂದಿದೆ.

ಅದಕ್ಕಿಂತ ದೊಡ್ಡ ಕೊರತೆ ವರದಿ ಬಂದ ಮೇಲೆ ಗೊತ್ತಾಯಿತು. ಸ್ವಾಬ್ ವರದಿ ಅಸಹಜವಾಗಿತ್ತು. ಸ್ವಾಬ್ ಕೊಡುವುದು ಸುಳಿವು ಮಾತ್ರ. ಅಸಿಟಿಕ್ ಆಮ್ಲ ಸವರಿ, ಬೆಳ್ಳಗಾದ ಜಾಗವನ್ನು ದೊಡ್ಡದು ಮಾಡಿ ತೋರಿಸುವ ಉಪಕರಣದಲ್ಲಿ ನೋಡಿ, ಬೇಕಾದರೆ ಬಯಾಪ್ಸಿಗೆ ಚೂರು ತೆಗೆಯುವ ಹೈ ರೆಸಲ್ಯೂಶನ್ ಅನಾಸ್ಕೋಪಿಯಿಂದಲೇ ನಿಜಸ್ಥಿತಿ ತಿಳಿಯುವುದು. ಆ ಸೌಲಭ್ಯ ಅಲ್ಲಿರಲಿಲ್ಲ, ಎಲ್ಲಿದೆಯೆಂದು ಹೇಳುವವರೂ ಇರಲಿಲ್ಲ. ಎಚ್‌ಐವಿ ಇರುವವರಲ್ಲಿ, ಗಂಡಸರೊಂದಿಗೆ ಸಂಬಂಧವಿರುವ ಗಂಡಸರಿಗೂ ಟ್ರಾನ್ಸ್ ಮಹಿಳೆಯರಿಗೂ 35ರಿಂದ, ಉಳಿದವರಿಗೆ 45ರಿಂದ ತಪಾಸಣೆ ಸೂಚಿಸುವ 2024ರ ಅಮೆರಿಕದ ಮಾರ್ಗಸೂಚಿಯೇ, ಅನಾಸ್ಕೋಪಿ ಸಿಗದ ಕಡೆ ಸ್ವಾಬ್ ಬೇಡ, ರೋಗಲಕ್ಷಣಗಳ ವಿಚಾರಣೆ ಮತ್ತು ಬೆರಳಿನ ಪರೀಕ್ಷೆ ಸಾಕು ಎನ್ನುತ್ತದೆ. ಹಣಕ್ಕಿಂತ, ಮುಂದಿನ ದಾರಿ ಕಾಣದೆ ಕಳೆದ ಆ ಐದು ವಾರಗಳ ನಿದ್ದೆಯಿಲ್ಲದ ರಾತ್ರಿಗಳೇ ನನಗೆ ಭಾರವಾದವು.

ಕೊನೆಗೆ ಇನ್ನೊಂದು ಆಸ್ಪತ್ರೆಯಲ್ಲಿ ಅನಾಸ್ಕೋಪಿ ಆಯಿತು. ಬದಲಾವಣೆ ಕೆಳದರ್ಜೆಯದು, ವರ್ಷ ಬಿಟ್ಟು ಬನ್ನಿ ಎಂದಿದ್ದಾರೆ. ಜಯನಗರದ ಆ ವೈದ್ಯೆಯ ಬಳಿಗೆ ಮತ್ತೆ ಹೋಗುತ್ತೇನೆ, ಆದರೆ ಬೆರಳಿನ ಪರೀಕ್ಷೆಗೆ ಮಾತ್ರ.